ಫೋನಿನಲ್ಲಿ 3,199, ಅಂಗಡಿಯಲ್ಲಿ 3,650: ಯಾವುದು ಅಗ್ಗ?

ಈ ಸಲ ಬಂದ ಪತ್ರಗಳಲ್ಲಿ ಮುಕ್ಕಾಲು ಪಾಲು ಒಂದೇ ಜಗಳ. ಆನ್‌ಲೈನಾ, ಅಂಗಡಿಯಾ? ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ, ಮಕ್ಕಳು ಮಾತ್ರ ಯಾವಾಗಲೂ ಫೋನಿನ ಕಡೆ. ನಾಲ್ಕು ಪತ್ರ ಆರಿಸಿಕೊಂಡಿದ್ದೇನೆ.

ಪ್ರಶ್ನೆ: ಅಕ್ಕಾವರೇ, ನಮ್ಮ ಮಿಕ್ಸರ್ ಕೆಟ್ಟು ಹದಿನೈದು ದಿನ ಆಯಿತು. ಶೇಂಗಾ ಹಿಂಡಿ ಕುಟ್ಟಿ ಕುಟ್ಟಿ ಕೈ ಸೋತಿದೆ. ಹೊಸದಕ್ಕೆ ವಿಜಯಪುರದ ಅಂಗಡಿಯಲ್ಲಿ 3,650 ಹೇಳಿದರು. ಫೋನಿನಲ್ಲಿ 3,199 ಇದೆ. "451 ರೂಪಾಯಿ ಅಂಗಡಿಯವನಿಗೆ ಸುಮ್ನೆ ಯಾಕೆ ಕೊಡಬೇಕು" ಅಂತಾರೆ ನಮ್ಮ ಮನೆಯವರು. ನನಗೆ ಕೈಯಿಂದ ಮುಟ್ಟಿ ನೋಡಿಯೇ ತಗೊಳ್ಳಬೇಕು. ಯಾರದು ಸರಿ?
(ಬಸವನ ಬಾಗೇವಾಡಿಯ ಓದುಗರು)

ಉತ್ತರ: ಇಬ್ಬರದೂ ಅರ್ಧ ಸರಿ. ಯಾಕೆಂದರೆ 3,199 ಕೂಡ ಕೊನೆಯ ಬೆಲೆ ಅಲ್ಲ, 3,650 ಕೂಡ ಅಲ್ಲ.

ಮೊದಲು ಫೋನಿನ ಲೆಕ್ಕ ನೋಡೋಣ. ನಿಮ್ಮ ಮನೆಯವರಿಗೆ ಹೇಳಿ, ಹಣ ಕಟ್ಟುವ ಕೊನೆಯ ಪುಟದವರೆಗೂ ಹೋಗಲಿ, ಅಲ್ಲಿ ನಿಲ್ಲಲಿ. ಡೆಲಿವರಿ ಚಾರ್ಜು, ಪ್ಲಾಟ್‌ಫಾರ್ಮ್ ಫೀ, ಮನೆ ಬಾಗಿಲಲ್ಲಿ ರೊಕ್ಕ ಕೊಡುತ್ತೇನೆ ಅಂದರೆ ಅದಕ್ಕೂ ಒಂದು ಫೀ, ಹೀಗೆ ಒಂದೊಂದೇ ಅಲ್ಲಿ ತಲೆ ಎತ್ತುತ್ತವೆ. ಕೆಲವು ಕಡೆ ನಾವು ಕೇಳದೇ ಇದ್ದರೂ "ಪ್ರೊಟೆಕ್ಷನ್ ಪ್ಲಾನ್" ಅಂತ ಒಂದು ಟಿಕ್ ಮೊದಲೇ ಬಿದ್ದಿರುತ್ತದೆ. ಹೀಗೆ ಕೇಳದ್ದನ್ನು ಬುಟ್ಟಿಗೆ ಹಾಕುವುದು, ಬೆಲೆಯನ್ನು ಕಂತು ಕಂತಾಗಿ ತೋರಿಸುವುದು, "ಇನ್ನು ಎರಡೇ ಪೀಸ್ ಉಳಿದಿವೆ" ಅಂತ ಸುಳ್ಳೇ ಅವಸರ ಮಾಡಿಸುವುದು, ಇಂಥ 13 ಬಗೆಯ ಆಟಗಳನ್ನು ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲೇ ಪಟ್ಟಿ ಮಾಡಿ ನಿಷೇಧಿಸಿದೆ. ಆದರೂ ಟಿಕ್ ತೆಗೆಯುವ ಕೆಲಸ ನಮ್ಮದೇ.

ಇನ್ನು "ಎಂಆರ್‌ಪಿ 6,500, ಈಗ 3,199" ಅಂತ ಗೆರೆ ಎಳೆದು ತೋರಿಸುತ್ತಾರಲ್ಲ, ಅದಕ್ಕೆ ಮರುಳಾಗಬೇಡಿ. ಎಂಆರ್‌ಪಿ ಅಂದರೆ ಇದಕ್ಕಿಂತ ಜಾಸ್ತಿಗೆ ಮಾರುವ ಹಾಗಿಲ್ಲ ಅನ್ನುವ ಗೆರೆ, ಅಷ್ಟೇ. ಎಲ್ಲ ತೆರಿಗೆ ಅದರಲ್ಲೇ ಸೇರಿರುತ್ತದೆ. ಆ ಬೆಲೆಗೆ ಯಾರೂ ಕೊಳ್ಳದ ವಸ್ತುವಿನ ಮೇಲೆ ಅರ್ಧಕ್ಕರ್ಧ ರಿಯಾಯಿತಿ ಕೊಟ್ಟರೆ ಯಾರ ಗಂಟು ಹೋಯಿತು?

ಈಗ ಅಂಗಡಿ. ಬಾಗೇವಾಡಿಯಿಂದ ವಿಜಯಪುರಕ್ಕೆ ನಲವತ್ತು ಕಿಲೋಮೀಟರ್ ಮೇಲೆಯೇ. ನೀವು ಸರ್ಕಾರಿ ಸಾದಾ ಬಸ್ಸಿನಲ್ಲಿ ಹೋದರೆ ಟಿಕೆಟ್ ಸೊನ್ನೆ, 2023ರ ಜೂನ್‌ನಿಂದ ಶಕ್ತಿ ಯೋಜನೆ ಇದೆಯಲ್ಲ. ಮನೆಯವರು ಬೈಕ್ ತೆಗೆದರೆ ಹೋಗಿ ಬರಲು ಹತ್ತಿರ ಹತ್ತಿರ ಎರಡು ಲೀಟರ್ ಪೆಟ್ರೋಲ್, ಅಂದರೆ 200 ರೂಪಾಯಿ ಮೇಲೆ, ನಾಷ್ಟಾ ಬೇರೆ. ಹಾಗಾಗಿ ಈ ಕೆಲಸಕ್ಕೆ ನೀವು ಒಬ್ಬರೇ ಹೋಗುವುದು ಲಾಭ. (ಎಲ್‌ಬಿಎಸ್ ಮಾರ್ಕೆಟ್ ಕಡೆ ಕಾಲಿಡದೆ ವಾಪಸ್ ಬಂದರೆ ಮಾತ್ರ. ಮಿಕ್ಸರ್‌ಗೆ ಅಂತ ಹೋಗಿ ನೈಟಿ, ಸ್ಟೀಲ್ ಡಬ್ಬಿ, ಬಳೆ ತಂದರೆ ಅದನ್ನು ಅಂಗಡಿಯವನ ಲೆಕ್ಕಕ್ಕೆ ಹಚ್ಚಬೇಡಿ.)

ನನ್ನದೇ ಒಂದು ಕಥೆ ಹೇಳುತ್ತೇನೆ. ಎರಡು ವರ್ಷದ ಹಿಂದೆ ನಾನೂ ಮಿಕ್ಸರನ್ನು ಆನ್‌ಲೈನ್‌ನಲ್ಲೇ ತರಿಸಿದ್ದೆ. 380 ರೂಪಾಯಿ ಉಳಿಸಿದೆ ಅಂತ ಊರಿಗೆಲ್ಲ ಹೇಳಿಕೊಂಡು ತಿರುಗಿದೆ. ಐದನೇ ದಿನ ದೊಡ್ಡ ಜಾರ್ ಸೋರಲು ಶುರು. ವಾಪಸ್ ಅಂತ ಒತ್ತಿದರೆ, ಮೊದಲು ಟೆಕ್ನಿಷಿಯನ್ ಬಂದು ನೋಡಬೇಕು ಅಂತ ಬಂತು. ಅವರಿಗಾಗಿ ಎರಡು ದಿನ ರಜೆ ಹಾಕಿ ಕಾದೆ, ಅವರು ಬಂದದ್ದು ಮೂರನೇ ದಿನ. ಬಂದವರು ಮೋಟರ್ ತಿರುಗಿಸಿ ನೋಡಿ "ಮಷಿನ್ ಚಲೋ ಇದೆ" ಅಂತ ಬರೆದುಕೊಂಡು ಹೋದರು. ಅಷ್ಟರಲ್ಲಿ ಏಳು ದಿನದ ಗಡುವು ಮುಗಿದಿತ್ತು. ಕೊನೆಗೆ ಬೀದಿ ಕೊನೆಯ ರಿಪೇರಿ ಅಂಗಡಿಯಲ್ಲಿ 450 ಕೊಟ್ಟು ಬೇರೆ ಜಾರ್ ತಂದೆ. ಉಳಿಸಿದ್ದು 380, ಹೋದದ್ದು 450 ಮತ್ತು ಎರಡು ರಜೆ.

ಅಂಗಡಿಯವರೆಲ್ಲ ಧರ್ಮರಾಯರು ಅಂತ ನಾನು ಹೇಳುತ್ತಿಲ್ಲ. "ಮಾರಿದ ಮಾಲು ವಾಪಸ್ ಇಲ್ಲ" ಅಂತ ಬಿಲ್ಲಿನ ಕೆಳಗೆ ಅಚ್ಚು ಹಾಕಿಸಿರುತ್ತಾರೆ, ನಾವೂ ಓದಿ ಸುಮ್ಮನಾಗುತ್ತೇವೆ. ಆದರೆ 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷ ಇರುವ ಮಾಲನ್ನು ಬಿಲ್ಲಿನಲ್ಲಿ ಹೇಳಿದ ಅವಧಿಯಲ್ಲಿ, ಅವಧಿಯೇ ಬರೆದಿಲ್ಲ ಅಂದರೆ 30 ದಿನದೊಳಗೆ, ವಾಪಸ್ ತೆಗೆದುಕೊಳ್ಳಲೇಬೇಕು. ಬಿಲ್ ಕೊಡದೇ ಇರುವುದೂ ಅದೇ ಕಾಯ್ದೆಯಲ್ಲಿ ತಪ್ಪು. "ಬಿಲ್ ಬೇಡ ಅಂದ್ರೆ ಇನ್ನೂರು ಕಡಿಮೆ" ಅಂದರೆ ಕೈ ಮುಗಿದು ಹೊರಗೆ ಬನ್ನಿ. ಬಿಲ್ ಇಲ್ಲದ ಮಿಕ್ಸರ್‌ಗೆ ವಾರಂಟಿ ಕೇಳಲು ಯಾವ ಮುಖ ಇಟ್ಟುಕೊಂಡು ಹೋಗುತ್ತೀರಿ?

ಹೀಗೆ ಮಾಡಿ. ಮಾಡೆಲ್ ನಂಬರ್ ಬರೆದುಕೊಳ್ಳಿ. ಹೆಸರು ಒಂದೇ ಇದ್ದರೂ ಒಂದು 500 ವಾಟ್, ಇನ್ನೊಂದು 750 ವಾಟ್ ಇರಬಹುದು, ಜಾರ್ ಮೂರರ ಬದಲು ನಾಲ್ಕಿರಬಹುದು. ಫೋನಿನ ಕೊನೆಯ ಪುಟದ ಬೆಲೆಯನ್ನು ಅಂಗಡಿಯವರಿಗೆ ತೋರಿಸಿ, "ಕೊನೆಗೆ ಎಷ್ಟಕ್ಕೆ ಕೊಡ್ತೀರಿ" ಅಂತ ಕೇಳಿ. ಕೆಟ್ಟರೆ ನಿಮ್ಮ ಹತ್ತಿರ ತಂದುಕೊಟ್ಟರೆ ಸಾಕಾ, ನಾನೇ ಸರ್ವಿಸ್ ಸೆಂಟರ್ ಹುಡುಕಬೇಕಾ, ಅದನ್ನೂ ಕೇಳಿ. ತಂದುಕೊಡಿ, ನಾವೇ ಮಾಡಿಸುತ್ತೇವೆ ಅಂದರೆ 200 ರೂಪಾಯಿ ಜಾಸ್ತಿ ಕೊಟ್ಟು ಅಲ್ಲೇ ತಗೊಳ್ಳಿ. ಸರ್ವಿಸ್ ಸೆಂಟರ್ ನೀವೇ ನೋಡಿಕೊಳ್ಳಿ ಅಂದರೆ ಮನೆಯವರ ಮಾತೇ ಸರಿ, ಬಸ್ ಹತ್ತಿ ಬಂದು ಫೋನ್ ಒತ್ತಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ "ಪ್ಯೂರ್ ಇಳಕಲ್ ಹ್ಯಾಂಡ್‌ಲೂಮ್" ಸೀರೆ 799 ರೂಪಾಯಿಗೆ ಇದೆ. ನಮ್ಮ ಊರ ಹತ್ತಿರ ನೇಕಾರರು ಅದರ ಎಷ್ಟೋ ಪಟ್ಟು ಹೇಳುತ್ತಾರೆ. ಯಾರು ಮೋಸ ಮಾಡುತ್ತಿದ್ದಾರೆ?
(ಬಾಗಲಕೋಟೆ ನವನಗರದ ಓದುಗರು)

ಉತ್ತರ: ನೇಕಾರರಂತೂ ಅಲ್ಲ. ಇಳಕಲ್ ಸೀರೆಯಲ್ಲಿ ಮೈಯ ಹಾಸು (ಮಗ್ಗದ ಮೇಲೆ ಉದ್ದಕ್ಕೆ ಎಳೆದ ನೂಲು) ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಗೆ ಕುಣಿಕೆ ಹಾಕಿ ಜೋಡಿಸುತ್ತಾರೆ, ಅದೇ ಕೊಂಡಿ. ಆ ಕೆಲಸ ಮಾಡುವುದನ್ನು ಒಮ್ಮೆ ಕೂತು ನೋಡಿದರೆ 799ಕ್ಕೆ ಕೈಮಗ್ಗದ ಸೀರೆ ಬರುತ್ತದಾ ಅಂತ ಯಾರೂ ಕೇಳುವುದಿಲ್ಲ. ಆ ಬೆಲೆಗೆ ಬರುವುದು ಬಹುಪಾಲು ಪವರ್‌ಲೂಮ್ ಬಟ್ಟೆ, ಟೋಪ್ ತೆನಿ ಅನ್ನುವ ಇಳಕಲ್ ಸೆರಗಿನ ನಕಲು. ಉಡಲು ತೊಂದರೆ ಏನಿಲ್ಲ, ದಿನಬಳಕೆಗೆ ಅಂತಲೇ ತಗೊಳ್ಳಿ, ಇಳಕಲ್ ಅಂದುಕೊಂಡು ಮಾತ್ರ ತಗೊಳ್ಳಬೇಡಿ. ಇಳಕಲ್ ಸೀರೆಗೆ ಜಿಐ ಟ್ಯಾಗ್ (ಆ ಊರಿನದೇ ಮಾಲು ಅನ್ನುವ ಗುರುತು) ಇದೆ, ಕೈಮಗ್ಗದ್ದಕ್ಕೆ ಹ್ಯಾಂಡ್‌ಲೂಮ್ ಮಾರ್ಕ್ ಇರುತ್ತದೆ. ಆದರೆ ಚೀಟಿಗಿಂತ ಬೆರಳು ವಾಸಿ. ಮೈ ಮುಗಿದು ಸೆರಗು ಶುರುವಾಗುವ ಜಾಗವನ್ನು ತಿರುಗಿಸಿ ಸವರಿ ನೋಡಿ, ಕೊಂಡಿ ಕೈಗೆ ಸಿಗುತ್ತದೆ. ಫೋಟೋದಲ್ಲಿ ಇದು ಸಿಗುವುದಿಲ್ಲ ಅಲ್ವಾ.

ನಡುವಿನ ದಾರಿಯೂ ಇದೆ. ಈಗ ಎಷ್ಟೋ ನೇಕಾರರು ವಾಟ್ಸಾಪ್‌ನಲ್ಲೇ ಮಾರುತ್ತಾರೆ. ಕೊಂಡಿಯ ಹತ್ತಿರದ ವಿಡಿಯೋ ಕಳಿಸಿ ಅಂತ ಕೇಳಿ. ನಿಜವಾಗಿ ನೇಯ್ದವರು ಖುಷಿಯಿಂದ ಕಳಿಸುತ್ತಾರೆ.

ಪ್ರಶ್ನೆ: 15,000ದ ಫೋನ್, ಆರು ತಿಂಗಳ "ನೋ ಕಾಸ್ಟ್ ಇಎಂಐ". ನಿಜವಾಗಿಯೂ ಖರ್ಚಿಲ್ಲವಾ ಅಕ್ಕಾ?
(ಬೆಳಗಾವಿಯ ಕಾಲೇಜು ವಿದ್ಯಾರ್ಥಿ)

ಉತ್ತರ: ಇದೆ ತಮ್ಮಾ. ಬ್ಯಾಂಕು ಬಡ್ಡಿ ಹಾಕುತ್ತದೆ, ಮಾರುವವರು ಅಷ್ಟನ್ನೇ ಬೆಲೆಯಲ್ಲಿ ಇಳಿಸುತ್ತಾರೆ, ಅದಕ್ಕೇ "ನೋ ಕಾಸ್ಟ್". ಆದರೆ ಕ್ರೆಡಿಟ್ ಕಾರ್ಡಿನ ಇಎಂಐ ಆದರೆ ಆ ಬಡ್ಡಿಯ ಮೇಲೆ ಶೇ. 18 ಜಿಎಸ್‌ಟಿ ಬೀಳುತ್ತದೆ, ಅದನ್ನು ಯಾರೂ ಇಳಿಸುವುದಿಲ್ಲ. ವರ್ಷಕ್ಕೆ ಶೇ. 15 ಬಡ್ಡಿ ಅಂತ ಹಿಡಿದರೆ ಬಡ್ಡಿ ಸುಮಾರು 630, ಅದರ ಜಿಎಸ್‌ಟಿ 113. ಪ್ರೊಸೆಸಿಂಗ್ ಫೀ 199 ಇದ್ದರೆ ತೆರಿಗೆ ಸೇರಿ 235. ಒಟ್ಟು ಹತ್ತಿರ ಹತ್ತಿರ 350. ಅಂಗಡಿಯಲ್ಲಿ ಫೈನಾನ್ಸ್ ಮಾಡಿಸಿದರೂ "ಫೈಲ್ ಚಾರ್ಜ್" ಅಂತ ಕೇಳುತ್ತಾರೆ. ಗಣಪತ್ ಗಲ್ಲಿ, ಖಡೇ ಬಜಾರ್ ಕಡೆ ಒಂದು ಸಂಜೆ ಸುತ್ತಿ ನಗದು ಬೆಲೆ ಕೇಳಿ ಬಾ, ಆಮೇಲೆ ಹೋಲಿಸು. ಆರು ತಿಂಗಳು ಕಾಯಲು ಆಗುತ್ತದಾ ಅಂತ ಕೇಳುವುದಿಲ್ಲ, ಉತ್ತರ ನನಗೆ ಗೊತ್ತು.

ಒಂದು ಮಾತು ಎಲ್ಲರಿಗೂ: ಎಲ್ಲಿಯೇ ಕೊಂಡರೂ ತಕರಾರು ಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕೇಸು ಹಾಕುವುದಾದರೆ ನೀವು ಇರುವ ಜಿಲ್ಲೆಯ ಗ್ರಾಹಕರ ಆಯೋಗದಲ್ಲೇ ಹಾಕಬಹುದು, ಮಾರಿದವರು ದೆಹಲಿಯಲ್ಲೇ ಇರಲಿ. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕ ಇಲ್ಲ.

ಪ್ರಶ್ನೆ: ನನ್ನದು ಸಣ್ಣ ಎಲೆಕ್ಟ್ರಿಕಲ್ ಅಂಗಡಿ. ಗಿರಾಕಿಗಳು ಬಂದು ಫ್ಯಾನ್ ನೋಡಿ, ಎಲ್ಲ ಕೇಳಿ, ಫೋಟೋ ಹೊಡೆದುಕೊಂಡು ಹೋಗಿ ಆನ್‌ಲೈನ್‌ನಲ್ಲಿ ತರಿಸುತ್ತಾರೆ. ಆಮೇಲೆ ಫಿಟ್ ಮಾಡಲು ನನ್ನನ್ನೇ ಕರೆಯುತ್ತಾರೆ. ನನ್ನ ಮಗನೂ ಬೂಟು ಅಲ್ಲಿಂದಲೇ ತರಿಸುತ್ತಾನೆ, ಅದು ಬೇರೆ ಮಾತು.
(ಜಮಖಂಡಿಯ ಅಂಗಡಿಕಾರರು)

ಉತ್ತರ: ಅಣ್ಣಾವರೇ, ಫಿಟಿಂಗ್‌ಗೆ ಎಷ್ಟು ತಗೊಳ್ಳುತ್ತೀರಿ? ನಿಮ್ಮಲ್ಲಿ ಕೊಂಡ ಫ್ಯಾನಿಗೆ ಪುಕ್ಕಟೆ, ಹೊರಗಿನದಕ್ಕೆ ಇಷ್ಟು ಅಂತ ದೊಡ್ಡದಾಗಿ ಬೋರ್ಡ್ ಬರೆಸಿ ಗಲ್ಲಾದ ಮೇಲೆ ನೇತುಹಾಕಿ. ಆನ್‌ಲೈನ್ ಬೆಲೆಯಲ್ಲಿ ಸೇರದೇ ಇರುವ ಖರ್ಚು ಗಿರಾಕಿಗೆ ಆಗ ಕಣ್ಣಿಗೆ ಬೀಳುತ್ತದೆ. ಇನ್ನೊಂದು, ನಿಮ್ಮ ಉದ್ರಿ ಪುಸ್ತಕ. ಯುಗಾದಿಗೆ ಒಯ್ದ ಫ್ಯಾನಿಗೆ ದಸರಾಕ್ಕೆ ರೊಕ್ಕ ತಗೊಳ್ಳುತ್ತೀರಲ್ಲ, ಬಡ್ಡಿ ಇಲ್ಲ, ಪ್ರೊಸೆಸಿಂಗ್ ಫೀ ಇಲ್ಲ. ಮೇಲೆ ಆ ಹುಡುಗ ಕೇಳಿದ ನೋ ಕಾಸ್ಟ್ ಇಎಂಐ ಅಂದರೆ ಅದೇ ನೋಡಿ. ಅದನ್ನೂ ಬೋರ್ಡಿಗೆ ಹಾಕಿ ಅಂತ ಮಾತ್ರ ಹೇಳಲಾರೆ, ಸಾಲಕ್ಕೆ ಸಾಲು ನಿಂತಾರು.

ಮಗನ ಬೂಟಿನ ಅಳತೆ ಸರಿ ಬಂತಾ?