ಫೋರ್ಕ್ ಕೊಳ್ಳುವ ಮೊದಲು ಟಯರಿನ ಬದಿ ಓದಿ

ನಿಮ್ಮ ಸೈಕಲ್ಲಿನ ಫೋರ್ಕ್ (ಮುಂಚಕ್ರವನ್ನು ಹಿಡಿಯುವ ಕವಲು) ಬಾಗಿದೆ, ಹೊಸ ಟಯರೂ ಕೂರುತ್ತಿಲ್ಲ, ಅಂಗಡಿಯವರು ಮೌಂಟನ್ ಬೈಕ್ ಫೋರ್ಕ್ ತೋರಿಸಿದ್ದಾರೆ, ಏನು ಮಾಡಲಿ ಎಂದು ಕಾಸರಗೋಡಿನಿಂದ ಕೇಳಿದ್ದೀರಿ. ಹೊಸ 26 x 1.75 ಟಯರು ನಿಮ್ಮ ರಿಮ್ಮಿಗೆ ಹತ್ತದಿರುವುದಕ್ಕೆ ಕಾರಣ ಬಹುಶಃ ಹಳೆಯದು 26 x 1 3/8 ಆಗಿರುವುದು. ಎರಡಕ್ಕೂ 26 ಎಂಬ ಹೆಸರು ಮಾತ್ರ ಒಂದೇ; ಮೊದಲನೆಯದರ ಒಳವ್ಯಾಸ 559 ಮಿ.ಮೀ., ಎರಡನೆಯದರದು 590. ಎಷ್ಟು ಎಳೆದರೂ ಏರುವುದಿಲ್ಲ. ಹಳೆಯ ಟಯರಿನ ಬದಿಯಲ್ಲಿ 37-590 (ಅಗಲ 37, ಒಳವ್ಯಾಸ 590 ಮಿ.ಮೀ.) ಎಂದಿದ್ದರೆ ಹೊಸದನ್ನು ಹಿಂದಿರುಗಿಸಿ ಅದೇ ಅಳತೆಯದನ್ನು ಕೇಳಿ.

ಬಾಗಿದ ಫೋರ್ಕ್ ಬಿಚ್ಚುವ ಮುನ್ನ ಹ್ಯಾಂಡಲ್ ಕೆಳಗೆ ಫ್ರೇಮಿನ ಕೊಳವೆಗಳು ಸೇರುವಲ್ಲಿ ಬೆರಳಾಡಿಸಿ. ಬಣ್ಣ ಬಿರಿದಿದ್ದರೆ, ಲೋಹ ಸುಕ್ಕುಗಟ್ಟಿದ್ದರೆ ಫ್ರೇಮೇ ಹೋಗಿದೆ, ಹೊಸ ಫೋರ್ಕ್ ದಂಡ. ನಿಮ್ಮ ಫ್ರೇಮ್ ಹೇಗಿದೆಯೆಂದು ಚಿತ್ರ ನೋಡದೆ ನಾನು ಹೇಳಲಾರೆ.

ಫ್ರೇಮ್ ಸರಿಯಿದ್ದರೆ ಫೋರ್ಕ್ ಕಳಚಿ. ಕಾಸರಗೋಡಿನ ಕಡಲ ಗಾಳಿಗೆ ಹ್ಯಾಂಡಲ್ ಕೊಳವೆ ತುಕ್ಕಿನಿಂದ ಕಚ್ಚಿಕೊಂಡಿರಬಹುದು. ಹಿಂದಿನ ರಾತ್ರಿಯೇ ತುಕ್ಕು ಬಿಡಿಸುವ ಎಣ್ಣೆ ಬಿಡಿ, ಸುತ್ತಿಗೆ ಆಮೇಲೆ. ಫೋರ್ಕಿನ ಮೇಲ್ತುದಿಯ ಕೊಳವೆಯ ಹೊರವ್ಯಾಸವನ್ನು ವರ್ನಿಯರ್ ಕ್ಯಾಲಿಪರ್‌ನಲ್ಲಿ ಅಳೆಯಿರಿ: 25.4 ಅಥವಾ 28.6 ಮಿ.ಮೀ. ಅದರ ಉದ್ದವೂ ಬೇಕು. ಉದ್ದವಾದದ್ದನ್ನು ಕತ್ತರಿಸಬಹುದು, ಆದರೆ ಕತ್ತರಿಸಿದ ಮೇಲೂ ನಟ್ಟು ಹಿಡಿಯಲು ಸಾಕಷ್ಟು ತಿರುಪಿನ ಗೆರೆ (ಥ್ರೆಡ್) ಉಳಿಯಬೇಕು. ಫೋರ್ಕ್ ಸರಾಗವಾಗಿ ತಿರುಗಲು ಬೇಕಾದ ಬಾಲ್ ಕಪ್ ಸೆಟ್ಟನ್ನೂ ಜೊತೆಗೇ ಕೊಳ್ಳಿ.

ಅಂಗಡಿಯವರು ತೋರಿಸಿದ ಮೌಂಟನ್ ಬೈಕ್ ಫೋರ್ಕ್ ಬೇಡವೆನ್ನುತ್ತೇನೆ. ಚಕ್ರ ಒಳಗೆ ಕೂತೀತು, ಆದರೆ ಅದರಲ್ಲಿ ಬ್ರೇಕ್ ಕೂರಿಸುವ ಗೂಟಗಳು 559ರ ರಿಮ್ಮಿಗೆ ಹೊಂದಿಸಿದವು. 590ರ ನಿಮ್ಮ ರಿಮ್ ಸುಮಾರು 15 ಮಿ.ಮೀ. ಮೇಲಿರುತ್ತದೆ, ಬ್ರೇಕಿನ ರಬ್ಬರು ರಿಮ್ಮಿಗೆ ತಾಗದು.

ಹಳೆಯ ಫೋರ್ಕನ್ನೂ ಚಕ್ರವನ್ನೂ ಅಂಗಡಿಗೇ ಒಯ್ಯಿರಿ. ಹೊಸದರಲ್ಲಿ ಚಕ್ರ ಕೂರಿಸಿ, ಟಯರಿನ ಸುತ್ತ ಕನಿಷ್ಠ 6 ಮಿ.ಮೀ. ಎಡೆ ಇದ್ದರೆ ಮಾತ್ರ ಹಣ ಕೊಡಿ. ಮಳೆಗಾಲದ ಕೆಂಪು ಕೆಸರಿಗೆ ಅಷ್ಟು ಜಾಗ ಬೇಕೇ ಬೇಕು.