ಚುನಾಯಿತ ರಾಜ್ಯ ಸರ್ಕಾರವನ್ನು ಕೇಂದ್ರವು ಮನಬಂದಂತೆ ವಜಾ ಮಾಡಬಹುದೇ?

ಇಲ್ಲ. ಸಂವಿಧಾನದ 356ನೇ ವಿಧಿಯು ರಾಷ್ಟ್ರಪತಿ ಆಳ್ವಿಕೆಗೆ ಅವಕಾಶ ಕೊಟ್ಟಿದ್ದರೂ ಆ ಅಧಿಕಾರಕ್ಕೆ ಕಡಿವಾಣವಿದೆ. ಅದನ್ನು ಬಿಗಿಗೊಳಿಸಿದ್ದು ಕರ್ನಾಟಕದ್ದೇ ಪ್ರಕರಣ. 1989ರ ಏಪ್ರಿಲ್‌ನಲ್ಲಿ ಕೆಲವು ಶಾಸಕರು ಬೆಂಬಲ ಹಿಂತೆಗೆದುಕೊಂಡ ಪತ್ರಗಳು ರಾಜ್ಯಪಾಲರ ಕೈಸೇರಿದಾಗ, ಮುಖ್ಯಮಂತ್ರಿ ಎಸ್.ಆರ್. ಬೊಮ್ಮಾಯಿಯವರು ಸದನದಲ್ಲೇ ಬಹುಮತ ಸಾಬೀತುಪಡಿಸಲು ಸಿದ್ಧರಿದ್ದರೂ ಅವಕಾಶ ಸಿಗದೆ ಸರ್ಕಾರ ವಜಾಗೊಂಡಿತು. (ಪತ್ರ ಕೊಟ್ಟವರಲ್ಲಿ ಕೆಲವರು ಅಷ್ಟರಲ್ಲೇ ಮನಸ್ಸು ಬದಲಿಸಿದ್ದರು!) 1994ರ ಮಾರ್ಚ್ 11ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠವು, ಬಹುಮತವನ್ನು ಅಳೆಯಬೇಕಾದ ಜಾಗ ರಾಜಭವನವಲ್ಲ, ವಿಧಾನಸಭೆಯೇ ಎಂದೂ, ಇಂಥ ಘೋಷಣೆಯನ್ನು ನ್ಯಾಯಾಲಯವು ಪರಿಶೀಲಿಸಬಹುದೆಂದೂ, ಸಂಸತ್ತಿನ ಎರಡೂ ಸದನಗಳು ಒಪ್ಪುವ ತನಕ ವಿಧಾನಸಭೆಯನ್ನು ವಿಸರ್ಜಿಸುವಂತಿಲ್ಲವೆಂದೂ ತೀರ್ಪಿತ್ತಿತು. ಅಷ್ಟರಲ್ಲಿ ರಾಜ್ಯದಲ್ಲಿ ಚುನಾವಣೆಯೇ ಮುಗಿದಿದ್ದರಿಂದ ಬೊಮ್ಮಾಯಿಯವರಿಗೆ ಅಧಿಕಾರವೇನೂ ಮರಳಲಿಲ್ಲ; ಆದರೆ 2016ರಲ್ಲಿ ಉತ್ತರಾಖಂಡದ ವಜಾಗೊಂಡ ಸರ್ಕಾರವು ಸದನದಲ್ಲಿ ಬಹುಮತ ತೋರಿಸಿ ಮರಳಿ ಬಂದಿತು.