ನಾಯಕನ ಆಯ್ಕೆ ತಪ್ಪಿದರೆ ಸೈನ್ಸ್ ಫಿಕ್ಷನ್ ಸೀರಿಯಲ್‌ನ ರಿಮೇಕ್ ಯಾಕೆ ಸೋಲುತ್ತದೆ?

ಇಂಥ ಕಥೆಯ ಲೋಕವನ್ನು ನಾವು ನಂಬುವುದೇ ನಾಯಕನ ಮುಖ ನೋಡಿ. ಆಸ್ಪತ್ರೆ, ಪೊಲೀಸ್ ಠಾಣೆ ಹೇಗಿರುತ್ತವೆ ಅಂತ ನಮಗೆ ಮೊದಲೇ ಗೊತ್ತು. ಕಲ್ಪಿತ ಲೋಕ ಹಾಗಲ್ಲ. ಅಲ್ಲಿ ಯಾವುದಕ್ಕೆ ಹೆದರಬೇಕು, ಯಾವುದಕ್ಕೆ ಸಿಟ್ಟಾಗಬೇಕು ಅನ್ನುವುದನ್ನು ನಾಯಕನ ವರ್ತನೆಯೇ ಹೇಳಿಕೊಡಬೇಕು.

‘ದಿ ಪ್ರಿಸನರ್’ ಒಳ್ಳೆಯ ಉದಾಹರಣೆ. 1967ರ ಬ್ರಿಟಿಷ್ ಸರಣಿಯಲ್ಲಿ, ಕೆಲಸ ಬಿಟ್ಟ ಗೂಢಚಾರನೊಬ್ಬನನ್ನು ‘ವಿಲೇಜ್’ ಎಂಬ ವಿಚಿತ್ರ ಊರಲ್ಲಿ ಕೂಡಿಹಾಕುತ್ತಾರೆ. ಹೆಸರು ಕಿತ್ತುಕೊಂಡು ‘ನಂಬರ್ ಸಿಕ್ಸ್’ ಅನ್ನುತ್ತಾರೆ. ಆ ಪಾತ್ರದಲ್ಲಿ ಪ್ಯಾಟ್ರಿಕ್ ಮೆಕ್‌ಗೂಹನ್ ಸುಮ್ನೆ ನಿಂತರೂ ಹಟ ಎದ್ದು ಕಾಣುತ್ತಿತ್ತು. ಇವನನ್ನು ಬಗ್ಗಿಸಲು ಆಗುತ್ತಾ? ಕಥೆ ನಡೆಯುವುದೇ ಈ ಪ್ರಶ್ನೆಯ ಮೇಲೆ.

2009ರಲ್ಲಿ 6 ಕಂತುಗಳ ರಿಮೇಕ್ ಬಂತು. ನನ್ನ ಪ್ರಕಾರ ಅದರಲ್ಲಿ ನಾಯಕನ ಪಾತ್ರ ಮಾಡಿದ ಜಿಮ್ ಕವೀಝಲ್ ಜಾಸ್ತಿ ಹೊತ್ತು ಗೊಂದಲದಲ್ಲೇ ಕಾಣುತ್ತಾರೆ. ಎದುರಿಗೆ ಊರಿನ ಯಜಮಾನನಾಗಿ ಯಾರು? ಹೆಸರಾಂತ ಬ್ರಿಟಿಷ್ ನಟ ಇಯಾನ್ ಮೆಕೆಲನ್! ಹಗ್ಗಜಗ್ಗಾಟದಲ್ಲಿ ಒಂದೇ ಕಡೆ ಬಲವಿದ್ದ ಹಾಗಾಯಿತು. ಬಂದಿಗಿಂತ ಬಂಧಿಸಿದವನೇ ನಮಗೆ ಇಷ್ಟವಾಗಿಬಿಟ್ಟರೆ, ಬಂದಿ ತಪ್ಪಿಸಿಕೊಳ್ಳಲಿ ಅಂತ ಯಾರು ಕಾಯುತ್ತಾರೆ, ಅಲ್ವಾ? ತಪ್ಪೆಲ್ಲ ನಟನದಲ್ಲ ಬಿಡಿ. ಹೊಸ ಬರವಣಿಗೆಯಲ್ಲಿ ಆ ಪಾತ್ರಕ್ಕೆ ತಾನು ಯಾರೆಂಬ ನೆನಪೇ ಮಸುಕು.